ಅಮೆರಿಕದಲ್ಲಿರುವಾಗ ಲ್ಯುಕೇಮಿಯಾ ಬಂದರೆ ಊರಿನವರಿಗೆ ತಿಳಿಸಬೇಕೇ?

ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಅಮೆರಿಕಕ್ಕೆ ಬಂದು ಎರಡು ವರ್ಷವಾಗಿರುವ ನಿಮ್ಮ ಯಜಮಾನರಿಗೆ ತೀವ್ರ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಇರುವುದು ಗೊತ್ತಾಗಿದೆ, ಹಾಸನದಲ್ಲಿರುವ ಅತ್ತೆ, ಮಾವ, ಮೈದುನನಿಗೆ ಇನ್ನೂ ಹೇಳಿಲ್ಲ, ಹೇಳಬೇಕೇ ಎಂದು ಕೇಳಿದ್ದೀರಿ. ಇದೇ ಕಾಯಿಲೆಯನ್ನು ಇದೇ ದೇಶದಲ್ಲಿ ಅನುಭವಿಸಿದವಳಾಗಿ ಹೇಳುತ್ತೇನೆ: ಈ ವಾರವೇ ತಿಳಿಸಿ.

ನಾನು ಏಳು ವಾರ ಮುಚ್ಚಿಟ್ಟಿದ್ದೆ. ಕೀಮೋದಿಂದ ಕೂದಲು ಉದುರಿದ ಮೇಲೆ ಫೋನಿನ ಕ್ಯಾಮೆರಾ ಕೆಟ್ಟಿದೆ ಎನ್ನುತ್ತಿದ್ದೆ; ಇವತ್ತು ಏನು ಸಾರು ಎಂದು ಅಮ್ಮ ಕೇಳಿದಾಗ, ಬಾಯೆಲ್ಲ ಹುಣ್ಣಾಗಿ ನೀರು ನುಂಗಲೂ ಆಗದೆ ಆಸ್ಪತ್ರೆಯ ಮಂಚದ ಮೇಲೆ ಕುಳಿತು, ಹೆಸರುಬೇಳೆ ಸಾರು ಎಂದಿದ್ದೆ. ಅವರಿಗೆ ನೋವಾಗಬಾರದು ಎಂಬುದು ಅರ್ಧ ಕಾರಣ. ತಂಗಿಗೆ ಗಂಡು ನೋಡುತ್ತಿದ್ದರು, ರಕ್ತದ ಕಾಯಿಲೆ ಎಂದರೆ ವಂಶದ ಕಾಯಿಲೆ ಎಂದು ಜನ ತಿಳಿದಾರು ಎಂಬ ಭಯ ಇನ್ನರ್ಧ. ಲ್ಯುಕೇಮಿಯಾ ಬಹುಪಾಲು ವಂಶದಿಂದ ಬರುವುದಿಲ್ಲ, ಅಂಟುವುದಂತೂ ಇಲ್ಲವೇ ಇಲ್ಲ.

ಅಸ್ಥಿಮಜ್ಜೆ (ಮೂಳೆಯೊಳಗೆ ರಕ್ತ ತಯಾರಿಸುವ ಮೆದು ಭಾಗ) ಕಸಿ ಬೇಕೆಂದು ವೈದ್ಯರು ಹೇಳಿದ ದಿನ ನನ್ನ ಮೌನದ ಬೆಲೆ ತಿಳಿಯಿತು. ದಾನಿಯ ಎಚ್‌ಎಲ್‌ಎ ಗುರುತುಗಳು (ತಂದೆತಾಯಿಯಿಂದ ಬರುವ, ಜೀವಕೋಶಗಳ ಮೇಲಿನ ಗುರುತುಗಳು) ರೋಗಿಯೊಂದಿಗೆ ಹೊಂದಬೇಕು, ಅವು ಹೆಚ್ಚಾಗಿ ಒಂದೇ ಮೂಲದ ಜನರಲ್ಲಿ ಹೊಂದುತ್ತವೆ. ಅಮೆರಿಕದ ದಾನಿಗಳ ನೋಂದಣಿಯಲ್ಲಿ ಪೂರ್ತಿ ಹೊಂದುವವರು ಸಿಗುವ ಸಾಧ್ಯತೆ ಬಿಳಿಯರಿಗೆ ಸುಮಾರು ಶೇ 79, ಏಷ್ಯಾ ಮೂಲದವರಿಗೆ ಸುಮಾರು ಶೇ 47. ಒಡಹುಟ್ಟಿದ ಒಬ್ಬೊಬ್ಬರೂ ಹೊಂದುವ ಸಾಧ್ಯತೆ ಶೇ 25. ಯಾರ ಮದುವೆಗಾಗಿ ನಾನು ಸುಳ್ಳು ಹೇಳುತ್ತಿದ್ದೆನೋ ಆ ತಂಗಿಯೇ ಹೊಂದಿದಳು. ಅವಳ ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆಯುವ ಆ ಚಿಕ್ಕ ಪರೀಕ್ಷೆ ಏಳು ವಾರ ಮೊದಲೇ ಆಗಬಹುದಿತ್ತು. ನಿಮ್ಮ ಮೈದುನನ ಪರೀಕ್ಷೆಗಾಗಿ ಇಂದೇ ವೈದ್ಯರನ್ನು ಕೇಳಿ. ಈಗ ಅರ್ಧ ಹೊಂದುವ ತಂದೆತಾಯಿಯಿಂದಲೂ ಕಸಿ ಮಾಡುತ್ತಾರೆ.

ಕಸಿಯ ನಂತರದ ಸುಮಾರು 100 ದಿನ ಜೊತೆಗೊಬ್ಬರು ಇರಲೇಬೇಕು. ನನಗಾಗಿ ಅಮ್ಮ ಬಂದರು. ಸೋಂಕಿನ ಭಯದಿಂದ ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಬೇಡ, ಹೂವು ಬೇಡ ಎಂದಾಗ, ತಾವು ತಂದಿದ್ದ ದೇವಸ್ಥಾನದ ಪ್ರಸಾದವನ್ನು ಮಾತಿಲ್ಲದೆ ಚೀಲಕ್ಕೆ ಮರಳಿಸಿದರು. ಅವರಿಗೆ ಇಂಗ್ಲಿಷ್ ಬಾರದು. ನಾನು ಉಳಿಯುವ ಸಾಧ್ಯತೆ ಎಷ್ಟು ಎಂದು ವೈದ್ಯರು ಹೇಳಿದ್ದನ್ನು ಅವರಿಗೆ ಕನ್ನಡದಲ್ಲಿ ನಾನೇ ಹೇಳಬೇಕಾಯಿತು. ಯಾವ ಮಗಳಿಗೂ ಆ ಕೆಲಸ ಬೇಡ. ಫೋನಿನಲ್ಲಿ ಕನ್ನಡ ದುಭಾಷಿಯನ್ನು ಉಚಿತವಾಗಿ ಕೊಡಿಸಿ ಎಂದು ನೀವು ಕೇಳಬಹುದು.

ಕೆಲಸದ ಚಿಂತೆಯೂ ಇರುತ್ತದೆ. ಕೆಲಸ ಹೋದರೆ ಈ ವೀಸಾದ ಮೇಲೆ ಇಲ್ಲಿ ಉಳಿಯಲು ಹೆಚ್ಚೆಂದರೆ 60 ದಿನಗಳ ಅವಕಾಶ, ಆದ್ದರಿಂದ ನಿಮ್ಮ ಯಜಮಾನರು ಹತಾಶೆಯಿಂದ ರಾಜೀನಾಮೆ ಕೊಡದಂತೆ ನೋಡಿಕೊಳ್ಳಿ. ಕಂಪನಿಯಲ್ಲಿ 50 ಅಥವಾ ಹೆಚ್ಚು ಜನರಿದ್ದು, ಅಲ್ಲಿ ಅವರು ವರ್ಷ ಪೂರೈಸಿದ್ದರೆ, ಸಂಬಳವಿಲ್ಲದ 12 ವಾರಗಳ ರಜೆಗೆ ಸಾಮಾನ್ಯವಾಗಿ ಕಾನೂನಿನ ರಕ್ಷಣೆ ಇದೆ.

ಮೊದಲು ಮೈದುನನಿಗೆ ಹೇಳಿ. ಅವರು ಅತ್ತೆ ಮಾವನ ಪಕ್ಕದಲ್ಲಿ ಕುಳಿತಿರುವಾಗ ವಿಡಿಯೊ ಕರೆ ಮಾಡಿ, ಕ್ಯಾಮೆರಾ ತೆರೆದೇ ಇರಲಿ.