ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಆಗಸ್ಟ್ ಕೊನೆಯಲ್ಲಿ ಕೈಬಿಡುವ ಆಟಗಾರರು ಆಮೇಲೆ ಏನಾಗುತ್ತಾರೆ?

ಎಷ್ಟೋ ಮಂದಿ ಎರಡು ದಿನದೊಳಗೆ ಅದೇ ತಂಡಕ್ಕೆ ವಾಪಸ್ ಬರುತ್ತಾರೆ! ಅಭಿಮಾನಿಗಳು ಅಷ್ಟರಲ್ಲಿ ಕೋಚ್‌ಗೆ ಬೈದು ಮುಗಿಸಿರುತ್ತಾರೆ, ಅದು ಬೇರೆ ಮಾತು.

ಎನ್‌ಎಫ್‌ಎಲ್ ತಂಡವೊಂದು ಬೇಸಿಗೆಯ ತರಬೇತಿಗೆ 90 ಜನರನ್ನು ಇಟ್ಟುಕೊಳ್ಳಬಹುದು. ಪಂದ್ಯಗಳ ಋತು ಶುರುವಾಗುವ ಮುಂಚೆ ಅದು 53ಕ್ಕೆ ಇಳಿಯಬೇಕು. ಮೊದಲು ಹಂತಹಂತವಾಗಿ ಕಡಿತ ಮಾಡುತ್ತಿದ್ದರು. 2023ರಿಂದ ಎಲ್ಲ ಒಂದೇ ಗಡುವಿಗೆ. 32 ತಂಡಗಳಿರುವುದರಿಂದ ಸಾವಿರದಷ್ಟು ಜನ ಒಟ್ಟಿಗೆ ಹೊರಬೀಳುತ್ತಾರೆ.

ನಾಲ್ಕು ಋತು ಪೂರೈಸಿದ ಹಿರಿಯರು ಆ ಕ್ಷಣದಿಂದಲೇ ಸ್ವತಂತ್ರರು, ಯಾರ ಜೊತೆ ಬೇಕಾದರೂ ಒಪ್ಪಂದ ಮಾಡಿಕೊಳ್ಳಬಹುದು. ಕಿರಿಯರು ಮಾತ್ರ 'ವೇವರ್ಸ್' ದಾಟಬೇಕು. ಅಂದರೆ ಅವರನ್ನು ಎತ್ತಿಕೊಳ್ಳಲು ಬೇರೆ ತಂಡಗಳಿಗೆ ಸುಮಾರು ಒಂದು ದಿನದ ಅವಕಾಶ. ಹಿಂದಿನ ವರ್ಷ ಕಳಪೆಯಾಡಿದ ತಂಡಕ್ಕೆ ಮೊದಲ ಆಯ್ಕೆ. ಹಾಗೆ ಎತ್ತಿಕೊಂಡವರು ಅವನಿಗೆ ತಮ್ಮ 53ರಲ್ಲೇ ಜಾಗ ಕೊಡಬೇಕು, ಅದಕ್ಕೆ ಇನ್ನೊಬ್ಬನನ್ನು ಬಿಡಬೇಕು. ಹೀಗಾಗಿ ಹೆಚ್ಚಿನವರನ್ನು ಯಾರೂ ಮುಟ್ಟುವುದಿಲ್ಲ. ಹಳೆಯ ತಂಡವೇ ಕರೆದು 16 ಜನರ ಪ್ರಾಕ್ಟೀಸ್ ಸ್ಕ್ವಾಡ್‌ಗೆ, ಅಂದರೆ ತಂಡದ ಜೊತೆ ಅಭ್ಯಾಸ ಮಾಡುವ ಮೀಸಲು ಆಟಗಾರರ ಗುಂಪಿಗೆ, ಸೇರಿಸಿಕೊಳ್ಳುತ್ತದೆ. ಸಂಬಳ ಕಡಿಮೆ, ಆದರೆ ಯಾರಾದರೂ ಗಾಯಗೊಂಡರೆ ಮೈದಾನಕ್ಕೆ ಕರೆ ಬರುತ್ತದೆ.

ಉಳಿದವರಲ್ಲಿ ಬಹುತೇಕರ ಆಟ ಅಲ್ಲಿಗೇ ಮುಗಿಯುತ್ತದೆ. ಕರ್ಟ್ ವಾರ್ನರ್ ಅಪವಾದ: 1994ರಲ್ಲಿ ಗ್ರೀನ್ ಬೇ ತಂಡ ಕೈಬಿಟ್ಟ ಮೇಲೆ ಐಯೊವಾದ ದಿನಸಿ ಅಂಗಡಿಯಲ್ಲಿ ರಾತ್ರಿಪಾಳಿಯಲ್ಲಿ ಸಾಮಾನು ಜೋಡಿಸುತ್ತಿದ್ದವರು, 1999ರ ಋತುವಿನಲ್ಲಿ ಸೇಂಟ್ ಲೂಯಿಸ್ ರಾಮ್ಸ್ ತಂಡಕ್ಕೆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟರು.