ಬ್ಲೂಟೂತ್ 5.3 ಇದ್ದರೆ ಲ್ಯಾಗ್ ಇಲ್ಲ ಅಂದವರು ಯಾರು?

ಪ್ರಶ್ನೆ: ಗೇಮಿಂಗ್‌ಗೂ ಮೆಟ್ರೋದಲ್ಲಿ ಹಾಡು ಕೇಳೋಕೂ ಒಂದೇ ವೈರ್‌ಲೆಸ್ ಹೆಡ್‌ಸೆಟ್ ಬೇಕಿತ್ತು. ಎಸ್.ಪಿ. ರೋಡಿನ ಅಂಗಡಿಯಲ್ಲಿ ‘ಬ್ಲೂಟೂತ್ 5.3 ಸರ್, ಲ್ಯಾಗೇ ಬರಲ್ಲ’ ಅಂದರು. ಯೂಟ್ಯೂಬ್ ಹಾಕಿ ತೋರಿಸಿದರು, ಸರಿಯಾಗಿಯೇ ಇತ್ತು. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ವ್ಯಾಲೊರಂಟ್ ಆಡಿದರೆ ಗುಂಡು ಹಾರಿದ ಮೇಲೆ ಸದ್ದು ಬರುತ್ತೆ. ಡಿಸ್ಕಾರ್ಡ್ ವಾಯ್ಸ್ ಚಾಟ್‌ನಲ್ಲಿ ಮಾತು ಶುರುವಾದರೆ ಎಲ್ಲ ಸದ್ದೂ ಹಳೇ ಲ್ಯಾಂಡ್‌ಲೈನ್ ಫೋನಿನ ಥರ ಆಗುತ್ತೆ. ಪೀಸ್ ಕೆಟ್ಟಿದೆಯಾ? – ಓದುಗರು, ವಿಜಯನಗರ

ಉತ್ತರ: ಪೀಸ್ ಚೆನ್ನಾಗಿಯೇ ಇದೆ, ಮಾರಿದವರ ಮಾತು ಸರಿಯಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ, ಏಕೆಂದರೆ ಡಬ್ಬಿಯ ಮೇಲಿನ ಅಂಕಿ ನೋಡಿ ದುಡ್ಡು ಕೊಡುವುದು ನಿಂತಿಲ್ಲ. ಸದ್ದು ಎಷ್ಟು ತಡವಾಗುತ್ತದೆ ಎಂಬುದು ಬ್ಲೂಟೂತ್ ಆವೃತ್ತಿಯ ಮೇಲೆ ನಿಂತಿಲ್ಲ. ಯಾವ ಕೋಡೆಕ್ (ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನ) ಬಳಕೆಯಲ್ಲಿದೆ, ನಡುವೆ ಕಡಿಯದಿರಲೆಂದು ಹೆಡ್‌ಸೆಟ್ ಎಷ್ಟು ಸದ್ದನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುತ್ತದೆ ಎಂಬುದರ ಮೇಲೆ ನಿಂತಿದೆ. ಎಸ್‌ಬಿಸಿ, ಎಎಸಿ ಕೋಡೆಕ್‌ಗಳಲ್ಲಿ 150ರಿಂದ 250 ಮಿಲಿಸೆಕೆಂಡ್ ತಡ ಮಾಮೂಲು. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ 200 ಮಿಲಿಸೆಕೆಂಡ್ ಅಂದರೆ 12 ಫ್ರೇಮ್. ಗೋಡೆಯಾಚೆಯ ಹೆಜ್ಜೆ ಸಪ್ಪಳ ನಿಮಗೆ ಕೇಳಿಸುವ ಹೊತ್ತಿಗೆ ಎದುರಾಳಿ ಮೂಲೆ ತಿರುಗಿ ಎದುರಿಗೇ ಬಂದಿರುತ್ತಾನೆ. ಎಲ್‌ಡ್ಯಾಕ್ ಕೋಡೆಕ್ ಇರುವುದನ್ನು ತಂದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಹೋಗುವ ಅದು ಇರುವುದು ಹಾಡಿನ ಗುಣಮಟ್ಟಕ್ಕೆ, ತಡ ತಗ್ಗಿಸುವುದಕ್ಕಲ್ಲ.

ಅಂಗಡಿಯಲ್ಲಿ ಯೂಟ್ಯೂಬ್ ಸರಿಯಾಗಿ ಕಂಡದ್ದು ಏಕೆ? ಹೆಡ್‌ಸೆಟ್ ಎಷ್ಟು ತಡ ಮಾಡುತ್ತದೆ ಎಂಬುದು ಫೋನಿಗೆ ಗೊತ್ತಿರುತ್ತದೆ. ವಿಡಿಯೊ ಆ್ಯಪ್ ಚಿತ್ರವನ್ನೂ ಅಷ್ಟೇ ಹಿಂದಕ್ಕೆ ತಳ್ಳಿ ತುಟಿಗೂ ಮಾತಿಗೂ ಹೊಂದಿಸಿಬಿಡುತ್ತದೆ. ಆಟದಲ್ಲಿ ಹಾಗೆ ಮಾಡಲು ಬರುವುದಿಲ್ಲ, ನೀವು ಬಟನ್ ಒತ್ತಿದ ಕ್ಷಣವೇ ಚಿತ್ರ ಬದಲಾಗಬೇಕು. ಹಾಗಾಗಿ ಅಂಗಡಿಯಲ್ಲಿ ವಿಡಿಯೊ ನೋಡಿ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ನೀವು ಆಡುವ ಆಟವನ್ನೇ ತೆರೆದು ಖಾಲಿ ಗೋಡೆಗೆ ಒಂದೊಂದೇ ಗುಂಡು ಹಾರಿಸಿ. ಫೋನಾದರೆ ಯಾವುದಾದರೂ ಪಿಯಾನೊ ಆ್ಯಪ್‌ನ ಒಂದು ಕೀ ತಟ್ಟಿದರೂ ಸಾಕು. ಬೆರಳು ತಾಗಿದ್ದಕ್ಕೂ ಸ್ವರ ಬಂದದ್ದಕ್ಕೂ ನಡುವೆ ಸಂದು ಗೊತ್ತಾದರೆ ಅದು ಗೇಮಿಂಗ್‌ಗೆ ಬೇಡ.

ಇನ್ನು ಲ್ಯಾಂಡ್‌ಲೈನ್ ಸದ್ದು. ಹಳೇ ಪದ್ಧತಿಯ ಬ್ಲೂಟೂತ್‌ನಲ್ಲಿ ಸ್ಟೀರಿಯೊ ಹಾಡಿಗೆ ಒಂದು ದಾರಿ, ಫೋನ್ ಮಾತಿಗೆ ಇನ್ನೊಂದು ದಾರಿ. ಯಾವುದೇ ಆ್ಯಪ್ ಹೆಡ್‌ಸೆಟ್‌ನ ಮೈಕ್ ತೆರೆದರೆ ಇಡೀ ಸಂಪರ್ಕ ಮಾತಿನ ದಾರಿಗೆ ಹೊರಳುತ್ತದೆ. ಅಲ್ಲಿರುವುದು ಮೊನೊ, 8 ಅಥವಾ 16 ಕಿಲೋಹರ್ಟ್ಸ್‌ನ ಸ್ಯಾಂಪ್ಲಿಂಗ್ ಮಾತ್ರ. ಎಡ ಬಲವೇ ಇಲ್ಲದ ಮೇಲೆ ಹೆಜ್ಜೆ ಯಾವ ಕಡೆಯದೆಂದು ಹೇಗೆ ಗೊತ್ತಾಗಬೇಕು? ಸದ್ಯಕ್ಕೆ ಹೀಗೆ ಮಾಡಿ: ಡಿಸ್ಕಾರ್ಡ್ ಸೆಟ್ಟಿಂಗ್ಸ್‌ನ ವಾಯ್ಸ್ ಅಂಡ್ ವಿಡಿಯೊದಲ್ಲಿ ಇನ್‌ಪುಟ್ ಡಿವೈಸ್‌ಗೆ ಲ್ಯಾಪ್‌ಟಾಪಿನ ಸ್ವಂತ ಮೈಕ್ ಆರಿಸಿ. ಆಟದ ವಾಯ್ಸ್ ಚಾಟ್‌ನಲ್ಲೂ ಅದನ್ನೇ ಆರಿಸಿ. ಒಂದನ್ನು ಮರೆತರೂ ಸದ್ದು ಮತ್ತೆ ಕುಸಿಯುತ್ತದೆ. ಸ್ಟೀರಿಯೊ ವಾಪಸ್ ಬರುತ್ತದೆ, ತಡ ಮಾತ್ರ ಹಾಗೇ ಇರುತ್ತದೆ.

ತಡ ಹೋಗಬೇಕಾದರೆ 2.4 ಗಿಗಾಹರ್ಟ್ಸ್ ಯುಎಸ್‌ಬಿ ಡಾಂಗಲ್ (ಪೋರ್ಟಿಗೆ ಚುಚ್ಚುವ ಪುಟ್ಟ ರೇಡಿಯೊ ತುಂಡು) ಇರುವ ಹೆಡ್‌ಸೆಟ್ ಕೊಳ್ಳಬೇಕು. ಇಲ್ಲೂ ಮೋಸ ಹೋಗುವವರಿದ್ದಾರೆ. ಬ್ಲೂಟೂತ್ ಕೂಡ ಅದೇ 2.4 ಗಿಗಾಹರ್ಟ್ಸ್‌ನಲ್ಲೇ ಓಡುವುದರಿಂದ ಡಬ್ಬಿಯ ಮೇಲೆ ಹಾಗೆ ಬರೆದಿದ್ದರೆ ಸಾಲದು, ಡಬ್ಬಿಯೊಳಗೆ ಡಾಂಗಲ್ ಇದೆಯೇ ಎಂದು ಕಣ್ಣಾರೆ ನೋಡಿ. ಡಾಂಗಲ್ ಜೊತೆಗೆ ಬ್ಲೂಟೂತೂ ಇದ್ದು, ಮೈಕ್‌ನ ಕಡ್ಡಿ ಬಿಚ್ಚಿಡುವಂತಿದ್ದರೆ ನೀವು ಕೇಳಿದ ‘ಎರಡಕ್ಕೂ ಒಂದೇ’ ಅದು. ಡಾಂಗಲ್ ಕಳೆದರೆ ಹೊರಗೆ ಸಿಗುವ ಬೇರೆ ಡಾಂಗಲ್ ಹೊಂದುವುದಿಲ್ಲ, ಆದ್ದರಿಂದ ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ತೂಕ 300 ಗ್ರಾಂ ಒಳಗಿರಲಿ. ಕನ್ನಡಕ ಹಾಕುವವರು ಹತ್ತು ನಿಮಿಷ ತಲೆಗೇರಿಸಿಕೊಂಡೇ ನಿರ್ಧರಿಸಿ. ಪಿಎಸ್5 ಆಗಲಿ ಎಕ್ಸ್‌ಬಾಕ್ಸ್ ಆಗಲಿ ಬ್ಲೂಟೂತ್ ಹೆಡ್‌ಸೆಟ್ಟನ್ನು ನೇರವಾಗಿ ಸೇರಿಸಿಕೊಳ್ಳುವುದಿಲ್ಲ. ಎಕ್ಸ್‌ಬಾಕ್ಸ್‌ಗಂತೂ ಅದಕ್ಕೆಂದೇ ಮಾಡಿದ ಮಾಡೆಲ್ ಬೇಕು.

ಡಾಂಗಲ್ ತಂದವರ ಮುಂದಿನ ದೂರು: ‘ಸದ್ದು ಕಟ್ ಕಟ್ ಆಗುತ್ತೆ.’ ಕ್ಯಾಬಿನೆಟ್ಟಿನ ಹಿಂಬದಿಯ ನೀಲಿ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿ, ಪಕ್ಕದಲ್ಲೇ ಹಾರ್ಡ್‌ಡಿಸ್ಕ್ ಸಿಕ್ಕಿಸಿರುತ್ತಾರೆ. ಯುಎಸ್‌ಬಿ 3ರ ಡೇಟಾ ಓಡುವಾಗ ಹೊಮ್ಮುವ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿದೆ. ಒಂದು ಮೀಟರಿನ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮೇಜಿನ ಮೇಲೆ, ಹೆಡ್‌ಸೆಟ್‌ಗೆ ಕಾಣುವಂತೆ ಇಡಿ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ವೈಫೈಗಳೆಲ್ಲ ಅದೇ ಪಟ್ಟಿಯಲ್ಲಿ ಕಿಕ್ಕಿರಿದಿರುತ್ತವೆ. ನಿಮ್ಮ ಲ್ಯಾಪ್‌ಟಾಪನ್ನಾದರೂ 5 ಗಿಗಾಹರ್ಟ್ಸ್‌ಗೆ ಬದಲಿಸಿ, ರೂಟರನ್ನು ಡಾಂಗಲ್‌ನಿಂದ ಎರಡು ಮೀಟರ್ ದೂರ ಸರಿಸಿ.

ಒಂದು ಎಚ್ಚರಿಕೆ. ಬಹುತೇಕ ಗೇಮಿಂಗ್ ಹೆಡ್‌ಸೆಟ್‌ಗಳಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಇರುವುದಿಲ್ಲ. ದಿನಾ ಎರಡು ಗಂಟೆ ಬಿಎಂಟಿಸಿ ಬಸ್ಸಿನಲ್ಲೋ ಮೆಟ್ರೋದಲ್ಲೋ ಕಳೆಯುವವರು ಆ ಗುಂಯ್‌ಗುಡುವಿಕೆಯ ಮೇಲೆ ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾರೆ. ಅಂಥವರು ‘ಎರಡಕ್ಕೂ ಒಂದೇ’ ಎಂಬ ಹಟ ಬಿಡುವುದು ಒಳ್ಳೆಯದು: ದಾರಿಗೆ ನಾಯ್ಸ್ ಕ್ಯಾನ್ಸಲಿಂಗ್ ಇರುವ ಬ್ಲೂಟೂತ್, ಆಟಕ್ಕೆ ವೈರ್ ಇರುವ ಸಾದಾ ಹೆಡ್‌ಸೆಟ್. ವೈರ್‌ಗೆ ಲ್ಯಾಗೂ ಇಲ್ಲ, ಚಾರ್ಜಿನ ಚಿಂತೆಯೂ ಇಲ್ಲ.

ಪ್ರಶ್ನೆ: 7.1 ಸರೌಂಡ್ (ಸುತ್ತಲೂ ಸ್ಪೀಕರ್ ಇಟ್ಟಂತೆ ಕೇಳಿಸುವುದು) ಇರುವುದನ್ನೇ ತೆಗೆದುಕೊಳ್ಳಲೇ? – ಓದುಗರು, ಕೆಂಗೇರಿ

ಉತ್ತರ: ಬೇಡ. ವ್ಯಾಲೊರಂಟ್, ಸಿಎಸ್2ನಂಥ ಆಟಗಳಲ್ಲಿ ಎಚ್‌ಆರ್‌ಟಿಎಫ್ (ಎರಡೇ ಕಿವಿಗೆ ದಿಕ್ಕು ತಿಳಿಯುವಂತೆ ಸದ್ದು ಹೊಂದಿಸುವ ಲೆಕ್ಕ) ಒಳಗೇ ಇದೆ. ಅದರ ಮೇಲೆ ಹೆಡ್‌ಸೆಟ್‌ನ 7.1 ಹಾಕಿದರೆ ದಿಕ್ಕು ಕಲಸಿಹೋಗುತ್ತದೆ.

ಪ್ರಶ್ನೆ: 40 ಎಂಎಂಗಿಂತ 50 ಎಂಎಂ ಡ್ರೈವರ್ (ಹೆಡ್‌ಸೆಟ್ ಒಳಗಿನ ಪುಟ್ಟ ಸ್ಪೀಕರ್) ಮೇಲಲ್ಲವೇ? – ಓದುಗರು, ಯಲಹಂಕ

ಉತ್ತರ: ಅಳತೆ ನೋಡಿ ಸದ್ದು ತೂಗಲಾಗದು. ಕೇಳಿ ಕೊಳ್ಳಿ.

ಪ್ರಶ್ನೆ: ಹೆಡ್‌ಸೆಟ್‌ಗೆ ಆಂಟಿ-ರೇಡಿಯೇಷನ್ ಸ್ಟಿಕ್ಕರ್ ಅಂಟಿಸಬೇಕೇ? – ಓದುಗರು, ಜಯನಗರ

ಉತ್ತರ: ಖಂಡಿತ ಬೇಡ. ಅದು ನಿಜವಾಗಿ ಅಲೆ ತಡೆಯುವಂತಿದ್ದರೆ ಹೆಡ್‌ಸೆಟ್ ಕನೆಕ್ಟೇ ಆಗುತ್ತಿರಲಿಲ್ಲ. ಸಾಮಾನ್ಯ ಬ್ಲೂಟೂತ್ ಹೆಡ್‌ಸೆಟ್ ಹೊಮ್ಮಿಸುವುದು ಕೆಲವೇ ಮಿಲಿವಾಟ್, ಕಿವಿಗಿಟ್ಟು ಮಾತಾಡುವ ಫೋನಿನದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇದನ್ನು ಮಾರುವವರು ನಿಮ್ಮ ಭಯವನ್ನು ಮಾರಿಕೊಳ್ಳುತ್ತಿದ್ದಾರೆ.

ಪ್ರಶ್ನೆ: ರಾತ್ರಿಯೆಲ್ಲ ಆಡಿದ ಮೇಲೆ ಮಗನ ಕಿವಿಯಲ್ಲಿ ಕುಯ್ ಅನ್ನುತ್ತಂತೆ. ಬೆಚ್ಚಗಿನ ಎಣ್ಣೆ ಬಿಡಲೇ? – ಓದುಗರು, ಬಸವನಗುಡಿ

ಉತ್ತರ: ಎಣ್ಣೆ ಬಿಡಬೇಡಿ, ಬೀದಿಯಲ್ಲಿ ಕಿವಿ ಗುಗ್ಗೆ ತೆಗೆಯುವವರ ಹತ್ತಿರವೂ ಕಳಿಸಬೇಡಿ. ತೊಂದರೆ ಜೋರು ಸದ್ದಿನದು, ಎಣ್ಣೆ ಅಲ್ಲಿಗೆ ಮುಟ್ಟುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್. ದೊಡ್ಡವರಿಗೂ 90 ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ಹೆಡ್‌ಸೆಟ್ ಇಂದೇ ಬಿಡಿಸಿ. ಮರುದಿನವೂ ಕುಯ್‌ಗುಡುವುದು ನಿಲ್ಲದಿದ್ದರೆ, ಇಲ್ಲವೇ ಒಂದು ಕಿವಿ ಮಂದವಾದಂತೆ ಅನ್ನಿಸಿದರೆ, ತಡಮಾಡದೆ ಇಎನ್‌ಟಿ ವೈದ್ಯರಲ್ಲಿಗೆ ಕರೆದೊಯ್ದು ಆಡಿಯೊಮೆಟ್ರಿ (ಕೇಳುವ ಶಕ್ತಿಯ ಪರೀಕ್ಷೆ) ಮಾಡಿಸಿ.