ಮಾವಿನ ಬದಲು ನಿಂಬೆ, ನಿಂಬೆಯ ಬದಲು ಮಾವು: ಎಷ್ಟರ ಮಟ್ಟಿಗೆ ಸರಿ?

ಮಾವು ಮತ್ತು ನಿಂಬೆ ಜಾತಿಯ ಹಣ್ಣುಗಳೆರಡರಲ್ಲೂ ಹುಳಿಯಿದೆ, ಸಿ ಜೀವಸತ್ವವಿದೆ, ಎರಡೂ ಉಪ್ಪಿನಕಾಯಿಗೆ ಬರುತ್ತವೆ. ಹಾಗಿದ್ದ ಮೇಲೆ ಒಂದರ ಬದಲು ಇನ್ನೊಂದನ್ನು ಬಳಸಬಹುದಲ್ಲವೇ ಎಂದು ತಾವು ಕೇಳಿದ್ದೀರಿ. ಬಳಸಬಹುದು, ಆದರೆ ಅವುಗಳ ಸ್ವಭಾವ ಬೇರೆಯೆಂಬುದನ್ನು ತಿಳಿದು ಬಳಸಬೇಕು.

ಮಲೆನಾಡಿನ ಸಾಗರ ಊರಿನ ಕಡೆಯ ನಮ್ಮ ಮನೆಯಲ್ಲಿ ಅಪ್ಪೆಹುಳಿಯನ್ನು, ಅಂದರೆ ಕುಡಿಯಲೂ ಆಗುವ ತೆಳ್ಳನೆಯ ಹುಳಿಸಾರನ್ನು, ಬೇಸಿಗೆಯಲ್ಲಿ ಮಾವಿನಕಾಯಿಯಿಂದಲೂ, ಮಾವು ಮುಗಿದ ಮೇಲೆ ನಿಂಬೆ ಜಾತಿಯ ಕಂಚಿಕಾಯಿಯಿಂದಲೂ ಮಾಡುತ್ತೇವೆ. ಮಾವಿನಕಾಯಿಯನ್ನು ಇಡಿಯಾಗಿ ಬೇಯಿಸಿ, ತಣಿದ ಮೇಲೆ ಕೈಯಲ್ಲಿ ಕಿವುಚಿ, ನೀರು, ಉಪ್ಪು ಬೆರೆಸಿ, ಸಾಸಿವೆ, ಇಂಗು, ಹಸಿಮೆಣಸಿನ ಒಗ್ಗರಣೆ ಕೊಟ್ಟರಾಯಿತು. ಬೆಂದ ಮಾತ್ರಕ್ಕೆ ಅದರ ಹುಳಿ ಕೆಡುವುದಿಲ್ಲ. ಕಂಚಿಯದು ಹಾಗಲ್ಲ. ಒಗ್ಗರಣೆ ಬಿದ್ದು ಪಾತ್ರೆ ಒಲೆಯಿಂದ ಇಳಿದ ಮೇಲಷ್ಟೇ ಅದರ ರಸ ಹಿಂಡಬೇಕು. ನಾನೊಮ್ಮೆ ಅವಸರದಲ್ಲಿ ರಸವನ್ನೂ ಸೇರಿಸಿ ಕುದಿಸಿದ್ದರಿಂದ, ಊಟಕ್ಕೆ ಕುಳಿತವರೆಲ್ಲ ಒಂದೇ ಗುಟುಕಿಗೆ ಲೋಟ ಕೆಳಗಿಟ್ಟಿದ್ದರು. ಈ ಜಾತಿಯ ಕಾಯಿಗಳಲ್ಲಿ ಮೊದಲು ಕಹಿಯಿಲ್ಲದ ಒಂದು ಅಂಶವಿದ್ದು, ರಸ ಹಿಂಡಿದ ಮೇಲೆ ಹುಳಿಯ ಸಂಪರ್ಕದಿಂದ ಅದು ಲಿಮೋನಿನ್ ಎಂಬ ಕಹಿ ಪದಾರ್ಥವಾಗಿ ಬದಲಾಗುತ್ತದೆ. ಬಿಸಿ ತಗುಲಿದರೆ ಆ ಬದಲಾವಣೆ ಬೇಗನೆ ಆಗುತ್ತದೆ.

ಸಸ್ಯಗಳ ಲೆಕ್ಕದಲ್ಲಿ ಇವು ನೆಂಟರೂ ಅಲ್ಲ. ಮಾವು ಗೇರು ಮತ್ತು ಅಮಟೆಯ ಕುಟುಂಬಕ್ಕೆ ಸೇರಿದ್ದು. ಅದರ ಸೊನೆ ಚರ್ಮಕ್ಕೆ ತಾಗಿ ಸುಟ್ಟಂತಾಗುವುದು ಆ ಮನೆತನದ ಗುಣ. ನಿಂಬೆ, ಕಿತ್ತಳೆ, ಚಕ್ಕೋತ, ಮಾದಳಗಳು ಕರಿಬೇವು ಮತ್ತು ಬಿಲ್ವದ ಕುಟುಂಬದವು, ಆದ್ದರಿಂದಲೇ ಎಲೆಯನ್ನು ಹಿಸುಕಿದರೂ ಪರಿಮಳ ಬರುತ್ತದೆ.

ಕೊಳ್ಳುವವರು ಮುಖ್ಯವಾಗಿ ಗಮನಿಸಬೇಕಾದದ್ದು ಹಣ್ಣಾಗುವ ರೀತಿಯನ್ನು. ಬಲಿತ ಮಾವನ್ನು ಕಿತ್ತು ಒಣಹುಲ್ಲಿನಲ್ಲಿ ಮುಚ್ಚಿಟ್ಟರೆ, ಕಾಯಿಯೇ ಹೊರಬಿಡುವ ಎಥಿಲೀನ್ ಅನಿಲದಿಂದ ಅದು ಹಣ್ಣಾಗುತ್ತದೆ. ಒಳಗಿನ ಪಿಷ್ಟ ಸಕ್ಕರೆಯಾಗಿ, ಹುಳಿ ಇಳಿದು, ನಾಲ್ಕಾರು ದಿನಗಳಲ್ಲಿ ಕೋಣೆಯೆಲ್ಲ ಘಮಘಮಿಸುತ್ತದೆ. ಕಿತ್ತಳೆಯಲ್ಲಿ ಹಾಗೆ ಕೂಡಿಟ್ಟ ಪಿಷ್ಟವಿಲ್ಲದ ಕಾರಣ, ಮರದಲ್ಲಿ ಬಂದಷ್ಟೇ ಸಿಹಿ. ಹುಳಿಯಾದದ್ದನ್ನು ತಂದು ವಾರಗಟ್ಟಲೆ ಇಟ್ಟರೆ ಸಿಪ್ಪೆ ಬಾಡುವುದೇ ಹೊರತು ಸಿಹಿ ಕೂಡುವುದಿಲ್ಲ. ಸಿಪ್ಪೆಯ ಬಣ್ಣವನ್ನೂ ನಂಬುವಂತಿಲ್ಲ. ರಾತ್ರಿಯ ಚಳಿ ಸಾಲದ ಊರುಗಳಲ್ಲಿ ಒಳಗೆ ಹಣ್ಣಾದ ಕಿತ್ತಳೆಯೂ ಹೊರಗೆ ಹಸಿರಾಗಿಯೇ ಇರುತ್ತದೆ. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ತಕ್ಕ ಭಾರವಿದ್ದರೆ ರಸವಿದೆಯೆಂದು ತಿಳಿಯಬಹುದು.

ಪೋಷಕಾಂಶಗಳ ವಿಷಯದಲ್ಲಿ ಹೆಚ್ಚು ಹೇಳುವುದೇನೂ ಇಲ್ಲ. 100 ಗ್ರಾಂ ಕಿತ್ತಳೆಯಲ್ಲಿ ಸಿ ಜೀವಸತ್ವ ಸುಮಾರು 50 ಮಿಲಿಗ್ರಾಂ, ಮಾವಿನ ಹಣ್ಣಿನಲ್ಲಿ ಸುಮಾರು 35 ಮಿಲಿಗ್ರಾಂ ಇರುತ್ತದೆ. ಸಕ್ಕರೆ ಮಾವಿನಲ್ಲಿ ಸುಮಾರು 14 ಗ್ರಾಂ, ಕಿತ್ತಳೆಯಲ್ಲಿ ಸುಮಾರು 9 ಗ್ರಾಂ. ಎ ಜೀವಸತ್ವಕ್ಕೆ ಮೂಲವಾದ ಹಳದಿ ವರ್ಣಾಂಶದಲ್ಲಿ ಮಾತ್ರ ಮಾವು ಬಹಳ ಮುಂದಿದೆ.

ಇನ್ನು ಉಪ್ಪಿನಕಾಯಿ. ನಮ್ಮ ಹೊಳೆಯಂಚಿನ ಅಪ್ಪೆಮಿಡಿಯನ್ನು, ಅಂದರೆ ಉಪ್ಪಿನಕಾಯಿಗೆಂದೇ ಕೊಯ್ಯುವ ಪರಿಮಳದ ಎಳೆಯ ಮಾವಿನಕಾಯಿಯನ್ನು, ಉದುರಿಸಿ ಆರಿಸುವುದಿಲ್ಲ, ತೊಟ್ಟು ಮುರಿಯದಂತೆ ಕೊಯ್ದು ಹಗ್ಗದಲ್ಲಿ ಮೆಲ್ಲನೆ ಇಳಿಸುತ್ತಾರೆ, ಏಕೆಂದರೆ ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ. ಮಿಡಿಯ ಪರಿಮಳವಿರುವುದು ಆ ಸೊನೆಯಲ್ಲೇ. ಉಪ್ಪಿನಲ್ಲಿ ಸುಕ್ಕುಗಟ್ಟಿದ ಮಿಡಿ, ಎಣ್ಣೆಯ ಹಂಗಿಲ್ಲದೆ ವರ್ಷಗಟ್ಟಲೆ ಜಾಡಿಯಲ್ಲಿ ಗರಿಗರಿಯಾಗಿ ಉಳಿಯುತ್ತದೆ. ಕಂಚಿ, ಹೇರಳೆ, ನಿಂಬೆಗಳಲ್ಲಿ ನಾವು ಬಯಸುವುದು ಇದಕ್ಕೆ ವಿರುದ್ಧವಾದದ್ದನ್ನು: ಹೋಳು ಉಪ್ಪಿನಲ್ಲಿ ವಾರಗಟ್ಟಲೆ ಕೂತು ಸಿಪ್ಪೆ ಮೆತ್ತಗಾಗಬೇಕು, ಕಹಿ ತಗ್ಗಬೇಕು.

ಹೀಗಾಗಿ ಚಿತ್ರಾನ್ನ, ಕೋಸಂಬರಿಗಳಿಗೆ ಮಾವಿನಕಾಯಿಯ ತುರಿಯನ್ನಾಗಲಿ ನಿಂಬೆರಸವನ್ನಾಗಲಿ ಧಾರಾಳವಾಗಿ ಬಳಸಿರಿ. ಕುದಿಯುವ ಅಡುಗೆಗೆ ಮಾವಿನಕಾಯಿಯೇ ಆಗಲಿ. ಅಪ್ಪೆಮಿಡಿಯ ಜಾಡಿಗೆ ಮಾತ್ರ ನಿಂಬೆ ಜಾತಿಯಲ್ಲಿ ಬದಲಿಯಿಲ್ಲ. ಇದನ್ನು ಮಲೆನಾಡಿನವನ ಪಕ್ಷಪಾತವೆಂದು ತಾವು ಭಾವಿಸಿದರೂ ನನ್ನ ಆಕ್ಷೇಪವಿಲ್ಲ.